ಬೀಗಲ್ ಬಿಟ್ಟ ಮೇಲೆ ಸುಮ್ನೆ ನಿಂತಿರಬೇಕು

ಬೆಂಗಳೂರಿನಲ್ಲಿ ಬೀಗಲ್ ಅಂದರೆ ಅಪಾರ್ಟ್‌ಮೆಂಟ್ ನಾಯಿ. ಜೋಲು ಕಿವಿ, ಸೋಫಾ ಮೇಲೆ ನಿದ್ದೆ, ಬೊಗಳಿದರೆ ಪಕ್ಕದ ಮನೆಯವರ ದೂರು. ಪಾಪ, ಆ ನಾಯಿಯನ್ನು ತಲೆಮಾರುಗಳಿಂದ ಬೆಳೆಸಿದ್ದೇ ಬೊಗಳಲಿ ಅಂತ. ಮೊಲದ ವಾಸನೆ ಹಿಡಿದು, ಗಂಟಲು ತೆರೆದು ಕೂಗುತ್ತಾ ಜಾಡಿನ ಮೇಲೆ ಹೋಗುವುದೇ ಅದರ ಕಸುಬು. ಅಮೆರಿಕದಲ್ಲಿ ಇದನ್ನು ಗಂಭೀರವಾಗಿ ತೆಗೆದುಕೊಂಡವರು ಬಹಳ ಹಿಂದಿನಿಂದ ಇದ್ದಾರೆ. ಅಲ್ಲಿನ ನ್ಯಾಷನಲ್ ಬೀಗಲ್ ಕ್ಲಬ್ ಶುರುವಾಗಿದ್ದು 1888ರಲ್ಲಿ.

ನಾನು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಇರುವುದು. ನನ್ನ ಹತ್ತಿರ ಎರಡು ಬೀಗಲ್ ಇವೆ, ಚಿನ್ನಿ ಮತ್ತು ಗುಂಡ. ಕೆಲಸ ಕಲಿಸಿದ್ದು ನಮ್ಮ ಬೀದಿಯ ಒಬ್ಬ ಹಿರಿಯರು. ನನಗೂ, ನಾಯಿಗಳಿಗೂ.

ನಮ್ಮ ಕಡೆ ಹಿಂದೆ ಮೊಲದ ಬೇಟೆ ಅಂದರೆ ಮುಧೋಳದಂಥ ನಾಯಿ. ಅದು ಮೊಲವನ್ನು ಕಣ್ಣಿಂದ ಕಂಡು, ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತದೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಭಾರತದಲ್ಲಿ ಅದೆಲ್ಲ ಅಪರಾಧ, ಊರಿಗೆ ಹೋದಾಗ ಆ ಮಾತೇ ಬೇಡ. ಬೀಗಲ್ ದಾರಿ ಬೇರೆ. ಅದು ಮೊಲ ಹಿಡಿಯಲಿ ಅಂತ ಯಾರೂ ಕಾಯುವುದಿಲ್ಲ, ಅದು ಅಟ್ಟಿಕೊಂಡು ಬಂದ ಮೊಲವನ್ನು ಕೋವಿಯಿಂದ ಹೊಡೆಯುವುದು ನಾವು. ಕಾಲು ಗಿಡ್ಡ, ಓಟ ನಿಧಾನ. ಆ ನಿಧಾನದಿಂದಲೇ ಈ ಬೇಟೆ ನಡೆಯುವುದು.

ಇಲ್ಲಿನ ಕಾಟನ್‌ಟೇಲ್ ಮೊಲಕ್ಕೆ ತನ್ನದೇ ಒಂದು ಸಣ್ಣ ಜಾಗ ಇರುತ್ತದೆ, ಕೆಲವು ಎಕರೆ ಅಷ್ಟೇ. ನಾಯಿ ಎಬ್ಬಿಸಿದರೆ ಅದು ಊರು ಬಿಟ್ಟು ಓಡುವುದಿಲ್ಲ. ಗೊತ್ತಿರುವ ಜಾಗದಲ್ಲೇ ಒಂದು ಸುತ್ತು ಹಾಕಿ, ಎದ್ದ ಪೊದೆಯ ಹತ್ತಿರಕ್ಕೇ ವಾಪಸ್ ಬರುತ್ತದೆ. ಹಿಂದೆ ಬರುವ ನಾಯಿ ನಿಧಾನ ಇದ್ದರೆ ಮೊಲಕ್ಕೆ ಅಂಥ ಗಾಬರಿ ಇಲ್ಲ. ಸ್ವಲ್ಪ ಓಡುತ್ತದೆ, ನಿಲ್ಲುತ್ತದೆ, ಕಿವಿ ತಿರುಗಿಸಿ ಕೇಳುತ್ತದೆ, ಮತ್ತೆ ಓಡುತ್ತದೆ. ನಾಯಿ ಜೋರಾಗಿ ಒತ್ತಿಕೊಂಡು ಬಂದರೆ ಮಾತ್ರ ಸಿಕ್ಕ ಬಿಲಕ್ಕೆ ನುಗ್ಗಿಬಿಡುತ್ತದೆ. ಅಲ್ಲಿಗೆ ಆಟ ಮುಗಿಯಿತು. ವೇಗದ ನಾಯಿ ಇಟ್ಟುಕೊಂಡು ಬೀಗುವವರನ್ನು ನೋಡಿದ್ದೇನೆ. ನನಗೆ ಬೇಡ.

ಹಾಗಾಗಿ ಮೊಲ ಎದ್ದ ಕೂಡಲೇ ನಾನು ಮಾಡುವ ಮುಖ್ಯ ಕೆಲಸ ಅಂದರೆ ಓಡದೇ ಇರುವುದು. ಎದ್ದ ಜಾಗದ ಪಕ್ಕದಲ್ಲೇ, ಸ್ವಲ್ಪ ಬಯಲು ಕಾಣುವ ಕಡೆ ನಿಲ್ಲುತ್ತೇನೆ. ಎರಡು ಪೊದೆಗಳ ನಡುವಿನ ಸಂದು, ಹಳೇ ಕಾಲುದಾರಿ, ಹೊಲದ ಅಂಚು, ಇಂಥವು ಒಳ್ಳೆಯ ಜಾಗ. ನಿಂತ ಮೇಲೆ ಕೈಕಾಲು ಆಡಿಸುವ ಹಾಗಿಲ್ಲ. ಫೋನ್ ಅಂತೂ ಜೇಬಿನಿಂದ ಹೊರಗೆ ಬರಬಾರದು.

ಆಮೇಲಿನದೆಲ್ಲ ಕಿವಿಯ ಕೆಲಸ. ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟ್ರಿ ಕೇಳಿದ ಹಾಗೆ, ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ಒಳಗೆ ಏನು ನಡೆಯುತ್ತಿದೆ ಅಂತ ಪೂರ್ತಿ ಗೊತ್ತಾಗುತ್ತದೆ. ಚಿನ್ನಿಯದು ಎಳೆದೆಳೆದು ಕೂಗುವ ದನಿ. ಗುಂಡನದು ತುಂಡು ತುಂಡು, ಚುರುಕು. ಇಬ್ಬರೂ ಒಟ್ಟಿಗೆ ಕೂಗುತ್ತಿದ್ದರೆ ಜಾಡು ಬಿಸಿಯಾಗಿದೆ ಅಂತ ಅರ್ಥ. ಸದ್ದು ದೂರ ಹೋಗಿ, ಬಳಸಿಕೊಂಡು ನನ್ನ ಕಡೆ ತಿರುಗಿತು ಅಂದರೆ ಎಚ್ಚರ ಆಗಬೇಕು. ಹೊಸಬರು ನಾಯಿ ಕೂಗುವ ಕಡೆಗೇ ಕಣ್ಣು ನೆಟ್ಟಿರುತ್ತಾರೆ. ಮೊಲ ನಾಯಿಗಿಂತ ಎಷ್ಟೋ ಮುಂದೆ, ಸದ್ದಿಲ್ಲದೆ ಬರುತ್ತಿರುತ್ತದೆ. ನೋಡಬೇಕಾದದ್ದು ಮುಂದಿನ ಸಂದುಗಳನ್ನು.

ಒಮ್ಮೆಲೇ ಸದ್ದು ನಿಂತರೆ ಜಾಡು ತಪ್ಪಿದೆ ಅಂತ. ಮೊಲ ಬಂದ ದಾರಿಯಲ್ಲೇ ಹಿಂದೆ ಹೋಗಿ ಪಕ್ಕಕ್ಕೆ ಜಿಗಿದಿರಬಹುದು, ನೀರು ದಾಟಿರಬಹುದು. ಆಗ ಹೋಗಿ ನಾಯಿಗೆ ಸಹಾಯ ಮಾಡೋಣ ಅಂತ ಅನಿಸುತ್ತದೆ, ಅಲ್ವಾ? ನಾನು ಹೋಗುವುದಿಲ್ಲ. ನಾವು ತುಳಿದಾಡಿದರೆ ಇರುವ ವಾಸನೆಯೂ ಕೆಡುತ್ತದೆ. ಚಿನ್ನಿ ಜಾಡು ಕಳೆದ ಜಾಗದಿಂದಲೇ ಸಣ್ಣ ಸುತ್ತು, ಆಮೇಲೆ ಅದಕ್ಕಿಂತ ದೊಡ್ಡ ಸುತ್ತು ಹಾಕುತ್ತಾ ಹುಡುಕುತ್ತಾಳೆ. ಒಂದು ನಿಮಿಷ, ಎರಡು ನಿಮಿಷ, ಮತ್ತೆ ಆ ಎಳೆದ ಕೂಗು. ನನಗೆ ಕೋವಿ ಸದ್ದಿಗಿಂತ ಅದೇ ಜಾಸ್ತಿ ಖುಷಿ.

ಹವಾಮಾನದ ಮೇಲೂ ತುಂಬಾ ನಿಂತಿದೆ. ನೆಲ ಒದ್ದೆ ಇದ್ದು, ಗಾಳಿ ಕಡಿಮೆ ಇದ್ದು, ಚಳಿ ಹದವಾಗಿದ್ದರೆ ವಾಸನೆ ಚೆನ್ನಾಗಿ ನಿಲ್ಲುತ್ತದೆ. ಗಟ್ಟಿ ಹೆಪ್ಪುಗಟ್ಟಿದ ಒಣ ನೆಲ, ಪುಡಿ ಹಿಮ ಇದ್ದ ದಿನ ಒಳ್ಳೆಯ ನಾಯಿಯೂ ಪೆದ್ದನ ಹಾಗೆ ಕಾಣುತ್ತದೆ.

ಕಾನೂನಿನ ವಿಷಯ. ಮಿಶಿಗನ್‌ನಲ್ಲಿ ಮೊಲದ ಸೀಸನ್ ಸೆಪ್ಟೆಂಬರ್ 15ರಿಂದ ಮಾರ್ಚ್ 31ರವರೆಗೆ. ದಿನಕ್ಕೆ ಒಬ್ಬರಿಗೆ 5 ಮೊಲ. 1960ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಲೈಸೆನ್ಸ್ ತೆಗೆದುಕೊಳ್ಳುವ ಮೊದಲು ಬೇಟೆ ಸುರಕ್ಷತೆಯ ಕೋರ್ಸ್ ಮುಗಿಸಿರಬೇಕು. ಮೈಮೇಲೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ಕಡ್ಡಾಯ. ನಮ್ಮವರು ಗಮನಿಸಬೇಕಾದ ಇನ್ನೊಂದು ವಿಷಯ: ಎಚ್-1ಬಿಯಂಥ ವೀಸಾದಲ್ಲಿ ಇರುವವರು ಸಾಮಾನ್ಯವಾಗಿ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ. ಯಾವುದಾದರೂ ರಾಜ್ಯದ ಚಾಲ್ತಿ ಬೇಟೆ ಲೈಸೆನ್ಸ್ ಇದ್ದವರಿಗೆ ಕೇಂದ್ರ ಕಾನೂನಿನಲ್ಲಿ ವಿನಾಯಿತಿ ಇದೆ. ನವೆಂಬರ್ 15ರಿಂದ 30ರವರೆಗೆ ಕೋವಿಯ ಜಿಂಕೆ ಬೇಟೆ ನಡೆಯುತ್ತದೆ. ಆಗ ನನ್ನ ನಾಯಿಗಳು ಮನೆಯಲ್ಲೇ ಇರುತ್ತವೆ. ಎಲೆ ಉದುರಿ, ಪೊದೆಯೊಳಗೆ ಕಣ್ಣು ಹಾಯುವ ಡಿಸೆಂಬರ್ ನನಗೆ ಇಷ್ಟದ ತಿಂಗಳು. ಲ್ಯಾನ್ಸಿಂಗ್ ಹತ್ತಿರದ ರೋಸ್ ಲೇಕ್ ಕಡೆ ಸರ್ಕಾರಿ ಜಾಗ ಇದೆ, ಮುಳ್ಳು ಗುಲಾಬಿಯ ಪೊದೆಗಳು ಬೇಕಾದಷ್ಟು.

ನನ್ನದು 20 ಗೇಜ್ ಕೋವಿ, 6ನೇ ನಂಬರಿನ ಚರೆ. ಗೇಜ್ ಅಂದರೆ ನಳಿಗೆಯ ಅಳತೆ, ನಂಬರ್ ಅಂದರೆ ಚರೆಯ ಗಾತ್ರ. ನಾಯಿ ಎಲ್ಲಿದೆ ಅಂತ ಖಚಿತ ಇಲ್ಲದೆ ಕೋವಿ ಎತ್ತುವುದೇ ಇಲ್ಲ. ಪೊದೆ ಅಲುಗಿತು ಅಂತ ಗುಂಡು ಹಾರಿಸುವವನ ಜೊತೆ ಎರಡನೇ ಸಲ ಹೋಗುವುದಿಲ್ಲ. ಇದರಲ್ಲಿ ಸ್ನೇಹ, ಮುಲಾಜು ಏನೂ ಇಲ್ಲ.

ಮಿಶಿಗನ್‌ನ ಉತ್ತರ ಭಾಗದ ಅಪ್ಪರ್ ಪೆನಿನ್ಸುಲಾದಲ್ಲಿ ಸಿಗುವ ಸ್ನೋಶೂ ಹೇರ್ ಅನ್ನುವ ಮೊಲ ಬೇರೆಯೇ ಪ್ರಾಣಿ. ಚಳಿಗಾಲಕ್ಕೆ ಬೆಳ್ಳಗಾಗುತ್ತದೆ, ಅಗಲ ಪಾದ, ಹಿಮದ ಮೇಲೆ ತೇಲಿದಂತೆ ಓಡುತ್ತದೆ. ಬಿಲಕ್ಕೆ ಹೋಗುವ ಅಭ್ಯಾಸ ಇಲ್ಲ, ಸುತ್ತು ತುಂಬಾ ದೊಡ್ಡದು. ನಾಯಿಗಳ ದನಿ ಪೂರ್ತಿ ಕಿವಿಯಿಂದ ಮರೆಯಾಗಿ ಎಷ್ಟೋ ಹೊತ್ತಿನ ಮೇಲೆ ಮತ್ತೆ ಕೇಳಿಸುತ್ತದೆ. ಅಲ್ಲಿ ಜಿಪಿಎಸ್ ಕಾಲರ್ ಇಲ್ಲದೆ ನಾಯಿ ಬಿಡುವುದಿಲ್ಲ. ಆಳ ಹಿಮದಲ್ಲಿ ಗಿಡ್ಡ ಕಾಲಿನ ನಾಯಿಗೆ ಬೇಗ ಸುಸ್ತಾಗುತ್ತದೆ, ತೋಳಗಳೂ ಇವೆ.

ಮೊಲದ ಚರ್ಮ ಸುಲಿಯುವಾಗ ರಬ್ಬರ್ ಕೈಗವಸು ಹಾಕಿಕೊಳ್ಳಿ. ಟುಲರೀಮಿಯಾ ಅನ್ನುವ ಬ್ಯಾಕ್ಟೀರಿಯಾ ರೋಗ ಮೊಲದಿಂದ ಮನುಷ್ಯರಿಗೆ ಬರುತ್ತದೆ. ಪಿತ್ತಜನಕಾಂಗದ ಮೇಲೆ ಬಿಳಿ ಚುಕ್ಕೆಗಳು ಕಂಡರೆ ಆ ಮೊಲ ತಿನ್ನುವುದು ಬೇಡ. ನಾನು ಉಪ್ಪುನೀರಲ್ಲಿ ರಾತ್ರಿಯಿಡೀ ನೆನೆಸಿಟ್ಟು, ಮಾರನೇ ದಿನ ಮೆಣಸು, ಧನಿಯಾ, ಕಾಯಿ ರುಬ್ಬಿ ಹಾಕಿ ಸಾರು ಮಾಡುತ್ತೇನೆ. ಕೊಬ್ಬೇ ಇಲ್ಲದ ಮಾಂಸ, ಹದ ಉರಿಯಲ್ಲಿ ಚೆನ್ನಾಗಿ ಬೇಯಬೇಕು.

ಬೀಗಲ್ ತರಬೇಕು ಅಂತ ಇರುವವರಿಗೆ ಒಂದು ಮಾತು. ಬಣ್ಣ, ಕಿವಿ, ಸರ್ಟಿಫಿಕೇಟ್ ನೋಡಿ ತರಬೇಡಿ. ಸಾಕಿದವರ ಜೊತೆ ಒಂದು ಬೆಳಿಗ್ಗೆ ಹೊಲಕ್ಕೆ ಹೋಗಿ, ಮರಿಯ ತಾಯಿ ಜಾಡು ತಪ್ಪಿದಾಗ ಏನು ಮಾಡುತ್ತದೆ ನೋಡಿ. ತಪ್ಪಿದ ಜಾಗದಲ್ಲೇ ಮೂಗು ನೆಲಕ್ಕಿಟ್ಟು ಹುಡುಕಿದರೆ ಮರಿ ಕೇಳಿ. ಜಾಡೇ ಇಲ್ಲದೆ ಕೂಗಿಕೊಂಡು ಮುಂದೆ ಓಡಿದರೆ, ಅಥವಾ ಜಿಂಕೆಯ ಹಿಂದೆ ಹೋದರೆ, ಟೀ ಕುಡಿದು ವಾಪಸ್ ಬನ್ನಿ.