ಕನ್ನಡಕದಲ್ಲಿ ಕಾಣುವ ಹುಸಿ ಬಣ್ಣಗಳು: ಮನೆಯಲ್ಲೇ ಪರೀಕ್ಷಿಸುವ ವಿಧಾನ

ಹೊಸ ಕನ್ನಡಕದಲ್ಲಿ ಓರೆಯಾಗಿ ನೋಡಿದಾಗ ಕಿಟಕಿಯ ಸರಳಿನ ಒಂದು ಬದಿಗೆ ನೀಲಿ, ಇನ್ನೊಂದು ಬದಿಗೆ ಕೆಂಪು-ಹಳದಿ ಗೆರೆ ಅಂಟಿಕೊಂಡಂತೆ ಕಂಡರೆ ತಕ್ಷಣ ಗಾಬರಿಪಡಬೇಕಾಗಿಲ್ಲ. ಪವರ್ ಇರುವ ಮಸೂರವು ತನ್ನ ಕೇಂದ್ರದಿಂದ ದೂರ ಹೋದಷ್ಟೂ ಪಟ್ಟಕದಂತೆ ವರ್ತಿಸುತ್ತದೆ. ಅದು ನೀಲಿ ಬೆಳಕನ್ನು ಕೆಂಪಿಗಿಂತ ಹೆಚ್ಚು ಬಾಗಿಸುವುದರಿಂದ ಒಂದೇ ವಸ್ತುವಿನ ಎರಡು ಬಿಂಬಗಳು ತುಸು ಸರಿದು ಬೀಳುತ್ತವೆ.

ಇದನ್ನು ಖಚಿತಪಡಿಸಿಕೊಳ್ಳಲು ಮೊಬೈಲ್ ಪರದೆಯನ್ನು ಪೂರ್ತಿ ಕಪ್ಪಾಗಿಸಿ, ನಡುವೆ ಮಜೆಂಟಾ ಬಣ್ಣದ ಸಣ್ಣ ಚುಕ್ಕೆಯೊಂದನ್ನು ಇಡಿ. ಪರದೆಯ ಮೇಲೆ ಆ ಬಣ್ಣ ಹುಟ್ಟುವುದೇ ಕೆಂಪು ಮತ್ತು ನೀಲಿ ಬೆಳಕು ಸೇರಿ. ಆದ್ದರಿಂದ ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗುವುದು ಕಷ್ಟ. ಒಂದು ಕಣ್ಣು ಮುಚ್ಚಿ, ಸುಮಾರು ಒಂದು ಮೀಟರ್ ದೂರದಿಂದ ಮೊದಲು ನೇರವಾಗಿ ನೋಡಿ. ಅನಂತರ ದೃಷ್ಟಿಯನ್ನು ಚುಕ್ಕೆಯ ಮೇಲೆಯೇ ಇಟ್ಟು ಮುಖವನ್ನು ಮಾತ್ರ ನಿಧಾನವಾಗಿ ಎಡಕ್ಕೆ ತಿರುಗಿಸಿ. ಮೈನಸ್ ಪವರ್ ಇದ್ದವರಿಗೆ ನೀಲಿ ಎಡಕ್ಕೂ ಕೆಂಪು ಬಲಕ್ಕೂ ಬೇರ್ಪಡುತ್ತದೆ. ಪ್ಲಸ್ ಪವರ್ ಇದ್ದವರಿಗೆ ಇದು ತಿರುವುಮುರುವಾಗುತ್ತದೆ. ಪವರ್ ಕಡಿಮೆಯಿದ್ದರೆ ಏನೂ ಕಾಣದಿರಬಹುದು.

ಬಣ್ಣ ಎಷ್ಟು ಸೀಳುತ್ತದೆ ಎಂಬುದು ಮಸೂರದ ವಸ್ತುವನ್ನೂ ಅವಲಂಬಿಸಿದೆ. ಅದನ್ನು ಅಳೆಯುವ ಅಬ್ಬೆ ಸಂಖ್ಯೆ ಹೆಚ್ಚಿದ್ದಷ್ಟೂ ಸೀಳುವಿಕೆ ಕಡಿಮೆ. ಸಾಮಾನ್ಯ ಸಿಆರ್-39 ಪ್ಲಾಸ್ಟಿಕ್‌ಗೆ ಅದು ಸುಮಾರು 58, ಪಾಲಿಕಾರ್ಬೊನೇಟ್‌ಗೆ ಸುಮಾರು 30. ಮೈನಸ್ 6 ಪವರ್‌ನ ಮಸೂರದಲ್ಲಿ ಕೇಂದ್ರದಿಂದ 10 ಮಿಲಿಮೀಟರ್ ಆಚೆಗೆ ನೋಡಿದರೆ, ಒಂದು ಮೀಟರ್ ದೂರದ ಚುಕ್ಕೆಯ ಬಣ್ಣಗಳು ಪಾಲಿಕಾರ್ಬೊನೇಟ್‌ನಲ್ಲಿ ಸುಮಾರು 2 ಮಿಲಿಮೀಟರ್, ಸಿಆರ್-39ರಲ್ಲಿ ಸುಮಾರು 1 ಮಿಲಿಮೀಟರ್ ಅಗಲುತ್ತವೆ. ತೆಳುವಾದ ಮಸೂರವೇ ಉತ್ತಮವೆಂದು ಅನೇಕರು ನಂಬುತ್ತಾರೆ, ಆದರೆ 1.67ರಂಥ ಹೆಚ್ಚಿನ ವಕ್ರೀಭವನ ಸೂಚ್ಯಂಕದ (ಅಂದರೆ ಬೆಳಕನ್ನು ಹೆಚ್ಚು ಬಾಗಿಸುವ ವಸ್ತುವಿನ) ತೆಳು ಮಸೂರಗಳ ಅಬ್ಬೆ ಸಂಖ್ಯೆಯೂ 32ರ ಆಸುಪಾಸಿನಲ್ಲೇ ಇರುತ್ತದೆ. ತೂಕ ಇಳಿಸುವುದು ಮುಖ್ಯವೋ ಅಂಚಿನ ಸ್ಪಷ್ಟತೆ ಮುಖ್ಯವೋ ಎಂಬುದನ್ನು ಕೊಳ್ಳುವ ಮೊದಲೇ ಯೋಚಿಸಬೇಕು. ಮಕ್ಕಳಿಗೆ ಮತ್ತು ಆಟಗಾರರಿಗೆ ಮಾತ್ರ, ಸುಲಭವಾಗಿ ಒಡೆಯದ ಪಾಲಿಕಾರ್ಬೊನೇಟನ್ನೇ ಆರಿಸುವುದು ನನ್ನ ದೃಷ್ಟಿಯಲ್ಲಿ ಸರಿ.

ನೇರವಾಗಿ ನೋಡಿದಾಗಲೇ ಚುಕ್ಕೆ ಸೀಳಿದರೆ ಮಸೂರದ ಕೇಂದ್ರ ಕಣ್ಣಿನ ಪಾಪೆಗೆ ಎದುರಾಗಿ ಕೂತಿಲ್ಲದಿರಬಹುದು. ಎರಡೂ ಮಸೂರಗಳ ಕೇಂದ್ರಗಳು ಹೀಗೆ ಮೂಗಿನ ಕಡೆಗೋ ಕಿವಿಯ ಕಡೆಗೋ ಸರಿದಿದ್ದರೆ ಇನ್ನೊಂದು ವಿಚಿತ್ರ ಭ್ರಮೆ ಹುಟ್ಟುತ್ತದೆ: ಒಂದೇ ಫಲಕದ ಕೆಂಪು ಅಕ್ಷರ ಮುಂದೆಯೂ ನೀಲಿ ಅಕ್ಷರ ಹಿಂದೆಯೂ ಇರುವಂತೆ, ಅಥವಾ ಅದಕ್ಕೆ ವಿರುದ್ಧವಾಗಿ ಕಾಣುತ್ತದೆ. ಆಗ ಪ್ರತಿ ಕಣ್ಣಿಗೂ ಮೂಗಿನ ನಡುವಿನಿಂದ ಪಾಪೆಗಿರುವ ದೂರವನ್ನು ಬೇರೆಬೇರೆಯಾಗಿ ಅಳೆಸಿ, ಮಸೂರವನ್ನು ಸರಿಯಾಗಿ ಕೂರಿಸಿಕೊಡುವಂತೆ ಕೇಳಿ. ಸಣ್ಣ ಫ್ರೇಮ್ ಆರಿಸಿ ಅದನ್ನು ಕಣ್ಣಿಗೆ ಹತ್ತಿರವಾಗಿ ಕೂರಿಸಿದರೂ ಅಂಚಿನ ತೊಂದರೆ ಇಳಿಯುತ್ತದೆ.

ಬಾಗಿಲಿನ ಚೌಕಟ್ಟು ಬಾಗಿದಂತೆ, ನೆಲ ಓರೆಯಾದಂತೆ ಕಾಣುವುದು ಬೇರೆ ಬಗೆಯ ವಿಕೃತಿ. ಸಿಲಿಂಡರ್ ಪವರ್ (ಅಸ್ಟಿಗ್ಮ್ಯಾಟಿಸಂ ಎಂಬ ದೃಷ್ಟಿದೋಷವನ್ನು ತಿದ್ದುವ ಪವರ್) ಬದಲಾದಾಗ ಇದು ಸಾಮಾನ್ಯ. ಮಿದುಳು ಕೆಲವು ದಿನಗಳಲ್ಲಿ ಹೊಂದಿಕೊಳ್ಳುತ್ತದೆ. ಎರಡು ವಾರ ಕಳೆದರೂ ಹೋಗದಿದ್ದರೆ ಪವರನ್ನು ಮತ್ತೆ ಪರೀಕ್ಷಿಸಿ.

ಕೊನೆಗೆ ಕನ್ನಡಕ ತೆಗೆದು ಒಂದೊಂದೇ ಕಣ್ಣಿನಿಂದ ನೋಡಿ. ಆಗಲೂ ನೇರ ಗೆರೆ ಡೊಂಕಾಗಿ ಕಂಡರೆ ಅಥವಾ ದೀಪದ ಸುತ್ತ ಬಣ್ಣದ ಬಳೆ ಕಂಡರೆ ಕಾರಣ ಮಸೂರವಲ್ಲ. ತಡಮಾಡದೆ ನೇತ್ರವೈದ್ಯರನ್ನು ಕಾಣಿ. ಜೊತೆಗೆ ಕಣ್ಣು ನೋವು, ವಾಂತಿ ಇದ್ದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು.