ಟೇಪಿನದ್ದಾ, ಮೈಕಿನದ್ದಾ? ಎಡ್ಯಾಟ್ ಜೊತೆ ನನ್ನ ಅನುಭವ

ಹೋದ ತಿಂಗಳು ಮನೆಗೆ ಒಂದು ರಟ್ಟಿನ ಡಬ್ಬ ಬಂತು. ಒಳಗೆ ಹನ್ನೆರಡು ಎಸ್-ವಿಎಚ್‌ಎಸ್ ಟೇಪುಗಳು. ನೋಡೋಕೆ ಮದುವೆ ವಿಡಿಯೊ ಕ್ಯಾಸೆಟ್ಟಿನ ಹಾಗೇ ಇವೆ. ಆದರೆ ಒಳಗೆ ಚಿತ್ರ ಇಲ್ಲ, ಬರೀ ದನಿ. ತೊಂಬತ್ತರ ದಶಕದ ಭಾವಗೀತೆ, ದೇವರನಾಮಗಳು. ಕೆಲವು ನಾನೇ ಕೂತು ರೆಕಾರ್ಡ್ ಮಾಡಿದವು, ಕೆಲವು ಬೇರೆ ಕಡೆ ಆದವು. ಹಾಡಿದ ಅಮ್ಮನಿಗೆ ಈಗ ಎಪ್ಪತ್ತು ದಾಟಿದೆ. ಅವರ ಮಗ ಕೇಳಿದ್ದು ಇಷ್ಟೇ: "ಅಣ್ಣಾ, ಇವನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಡೋಕೆ ಆಗುತ್ತಾ?"

ಆಗುತ್ತೆ ಅಂದೆ. ಆ ಟೇಪು ಓದೋ ಯಂತ್ರ ನನ್ನ ಹತ್ತಿರ ಇನ್ನೂ ಇದೆ. ಅಲೆಸಿಸ್ ಕಂಪನಿಯ ಮೊದಲ ಎಡ್ಯಾಟ್, ಕಪ್ಪು ಮುಖದ್ದು. 1991ರಲ್ಲಿ ಅಮೆರಿಕದಲ್ಲಿ ಇದನ್ನು ಮೊದಲು ತೋರಿಸಿದರು, 1992ರಲ್ಲಿ ಮಾರಾಟಕ್ಕೆ ಬಂತು. ಅಲ್ಲಿಯವರೆಗೆ ಡಿಜಿಟಲ್ ಮಲ್ಟಿಟ್ರ್ಯಾಕ್ (ಒಂದೊಂದು ವಾದ್ಯವನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಅಂಕಿಯಾಗಿ ಬರೆಯೋದು) ಅಂದರೆ ಭಾರೀ ದುಡ್ಡಿನ ಸ್ಟುಡಿಯೊಗಳ ಮಾತು. ಇದರ ಬೆಲೆ 4000 ಡಾಲರಿಗಿಂತ ಸ್ವಲ್ಪ ಕಡಿಮೆ ಇತ್ತು. ಎಂಟು ಟ್ರ್ಯಾಕು, 16 ಬಿಟ್, 48 ಕಿಲೋಹರ್ಟ್ಸ್, ಅಂದರೆ ದನಿಯನ್ನು ಸೆಕೆಂಡಿಗೆ 48,000 ಸಲ ಅಳೆದು ಬರೆಯುತ್ತೆ. 120 ನಿಮಿಷದ ವಿಡಿಯೊ ಟೇಪ್ ಹಾಕಿದರೆ ಸುಮಾರು 40 ನಿಮಿಷ ರೆಕಾರ್ಡಿಂಗ್. ಐದೈದು ನಿಮಿಷದ ಎಂಟು ಹಾಡಿಗೆ, ಅಂದರೆ ಒಂದು ಆಡಿಯೊ ಕ್ಯಾಸೆಟ್ಟಿಗೆ, ಸರಿಯಾಗಿ ಒಂದು ಟೇಪು.

1996ರಲ್ಲಿ ನಾನು ಬೆಂಗಳೂರಿನ ಒಂದು ಸಣ್ಣ ಸ್ಟುಡಿಯೊಗೆ ಸಹಾಯಕನಾಗಿ ಸೇರಿದೆ. ಮೊದಲ ವಾರ ಎಂಜಿನಿಯರ್ ಸರ್ ನನ್ನನ್ನು ಯಂತ್ರ ಮುಟ್ಟೋಕೆ ಬಿಡಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳುತ್ತಿದ್ದರು. "ಈಗ ನಿನ್ನ ಕಿವಿಗೆ ಬೀಳ್ತಿರೋದು ಟೇಪಿನದ್ದಾ, ಮೈಕಿನದ್ದಾ?"

ಸುಲಭದ ಪ್ರಶ್ನೆ ಅನ್ನಿಸುತ್ತೆ, ಅಲ್ವಾ? ಅಷ್ಟು ಸುಲಭ ಅಲ್ಲ. ಎಡ್ಯಾಟ್‌ನ ಮುಂಭಾಗದಲ್ಲಿ ಎಂಟು ರೆಕಾರ್ಡ್ ಎನೇಬಲ್ ಬಟನ್ ಇವೆ, ಟ್ರ್ಯಾಕಿಗೊಂದು. ಒತ್ತಿದರೆ ಕೆಂಪು ದೀಪ ಮಿಣುಕುತ್ತೆ. ಮಿಣುಕೋದು ಅಂದರೆ ಆ ಟ್ರ್ಯಾಕು ತಯಾರಾಗಿದೆ, ಇನ್ನೂ ಬರೆಯುತ್ತಿಲ್ಲ ಅಂತ. ರೆಕಾರ್ಡ್ ಮತ್ತು ಪ್ಲೇ ಎರಡೂ ಒಟ್ಟಿಗೆ ಒತ್ತಿದಾಗ ದೀಪ ಮಿಣುಕೋದು ನಿಲ್ಲಿಸಿ ಗಟ್ಟಿಯಾಗಿ ಉರಿಯುತ್ತೆ. ಆಗ ಟೇಪಿನ ಮೇಲೆ ಬರೆಯುತ್ತಿದೆ. ಹಳೆಯದು ಹೋಯಿತು.

ಅದರ ಜೊತೆಗೇ ಆಟೊ ಇನ್‌ಪುಟ್, ಆಲ್ ಇನ್‌ಪುಟ್ ಅಂತ ಎರಡು ಬಟನ್. ಗೊಂದಲ ಎಲ್ಲ ಇಲ್ಲಿದೆ. ಆಲ್ ಇನ್‌ಪುಟ್ ಒತ್ತಿದರೆ ಎಂಟೂ ಟ್ರ್ಯಾಕಿನಲ್ಲಿ ಮೈಕಿನಿಂದ ಬರೋದೇ ಕೇಳಿಸುತ್ತೆ, ಟೇಪು ಓಡುತ್ತಿದ್ದರೂ. ಮೈಕ್ ಲೆವೆಲ್ ಸರಿಮಾಡಿಕೊಳ್ಳೋಕೆ ಅದು ಬೇಕು. ಆಟೊ ಇನ್‌ಪುಟ್ ಹಾಕಿದ್ದರೆ ಕೆಂಪು ದೀಪದ ಟ್ರ್ಯಾಕು ಪ್ಲೇ ಆಗುವಾಗ ಟೇಪು ಕೇಳಿಸುತ್ತೆ. ರೆಕಾರ್ಡಿಗೆ ಹೋದ ಕ್ಷಣ ತಾನಾಗೇ ಮೈಕಿಗೆ ತಿರುಗುತ್ತೆ. ಟೇಪು ನಿಂತಾಗಲೂ ಮೈಕೇ. ಆಟೊ ಇನ್‌ಪುಟ್ ತೆಗೆದಿದ್ದರೆ ಕೆಂಪು ದೀಪದ ಟ್ರ್ಯಾಕಿನಲ್ಲಿ ಯಾವಾಗಲೂ ಮೈಕು ಮಾತ್ರ. ಹೊಸಬರು ಇಲ್ಲಿ ಬೆಚ್ಚಿಬೀಳುತ್ತಾರೆ. ಹಾಡಿದ್ದು ಕೇಳೋಕೆ ರಿವೈಂಡ್ ಮಾಡಿ ಪ್ಲೇ ಒತ್ತುತ್ತಾರೆ, ಏನೂ ಕೇಳಿಸಲ್ಲ. ಹಾಡು ಎಲ್ಲೂ ಹೋಗಿರೋದಿಲ್ಲ. ಕೇಳುತ್ತಿರೋದು ಖಾಲಿ ಮೈಕನ್ನು, ಅಷ್ಟೇ.

ಆ ಪ್ರಶ್ನೆ ಯಾಕೆ ಅಂತ ನನಗೆ ನಿಜವಾಗಿ ಗೊತ್ತಾಗಿದ್ದು ಆರು ತಿಂಗಳಾದ ಮೇಲೆ. ನಮ್ಮ ಹಂಚಿಕೆ ಹೀಗಿರುತ್ತಿತ್ತು: 1 ತಬಲ, 2 ಢೋಲಕ್, 3 ಪಿಟೀಲು, 4 ಕೊಳಲು, 5 ಮತ್ತು 6 ಕೀಬೋರ್ಡ್, 7 ಗಾಯನ, 8 ಕೋರಸ್. ಅವತ್ತು ಮಧ್ಯಾಹ್ನ ಕೊಳಲಿನ ಮೇಷ್ಟ್ರು ತಮ್ಮ ಭಾಗ ಮುಗಿಸಿ, ಮೈಸೂರಿನ ಬಸ್ಸಿಗೆ ಅಂತ ಹೊರಟರು. ಆಮೇಲೆ ಗಾಯನ. ಎರಡನೇ ಚರಣದಲ್ಲಿ ಒಂದು ಸಾಲು ಮಾತ್ರ ಸರಿಯಾಗಿ ಬಂದಿರಲಿಲ್ಲ. ಅಷ್ಟೇ ಸಾಲನ್ನು ಪಂಚ್-ಇನ್ ಮಾಡಬೇಕಿತ್ತು, ಅಂದರೆ ಟೇಪು ಓಡುತ್ತಿರುವಾಗಲೇ ಅಷ್ಟನ್ನು ಮಾತ್ರ ಹೊಸದಾಗಿ ರೆಕಾರ್ಡ್ ಮಾಡಬೇಕಿತ್ತು. 7ರ ದೀಪ ಹಾಕಿದೆ. ಟೇಪು ಓಡಿಸಿದೆ. ಸಾಲು ಶುರುವಾಗೋ ಮುಂಚಿನ ಉಸಿರು ಬಂತು, ಪ್ಲೇ ಹಿಡಿದು ರೆಕಾರ್ಡ್ ಒತ್ತಿದೆ.

ಗಾಯನ ಚೆನ್ನಾಗಿ ಬಂತು. ಆದರೆ ಸ್ಪೀಕರಿನಲ್ಲಿ ಕೊಳಲು ಮಾಯ. ಅಲ್ಲಿಯವರೆಗೆ ಹಾಡಿನ ಹಿಂದೆ ಬರುತ್ತಿದ್ದ ಕೊಳಲು, ನನ್ನ ಬೆರಳು ಬಿದ್ದ ಜಾಗದಲ್ಲೇ ಕತ್ತರಿಸಿದ ಹಾಗೆ ನಿಂತಿತ್ತು. ಪ್ಯಾನೆಲ್ ನೋಡಿದೆ. ಎರಡು ಕೆಂಪು ದೀಪ ಗಟ್ಟಿಯಾಗಿ ಉರಿಯುತ್ತಿವೆ, 4 ಮತ್ತು 7. ಮಧ್ಯಾಹ್ನದ 4ನ್ನು ತೆಗೆದೇ ಇರಲಿಲ್ಲ. ಪ್ಲೇ ಒತ್ತಿ ಹೊರಬಂದೆ. ಅಷ್ಟರಲ್ಲಿ ನಾಲ್ಕು ಸೆಕೆಂಡಿನಷ್ಟು ಕೊಳಲು ಅಳಿಸಿ ಹೋಗಿತ್ತು. ಕಂಪ್ಯೂಟರಿನ ಹಾಗೆ ಮಾಡಿದ್ದನ್ನು ಹಿಂದಕ್ಕೆ ತಗೊಳ್ಳೋ ಅನ್‌ಡೂ ಟೇಪಿಗೆ ಇಲ್ಲ. ಮೇಷ್ಟ್ರು ಮಾರನೇ ದಿನ ಮೈಸೂರಿನಿಂದ ವಾಪಸ್ ಬಂದು ನುಡಿಸಿಕೊಟ್ಟರು. ಒಂದು ಮಾತೂ ಅನ್ನಲಿಲ್ಲ. ನಾನು ಅವತ್ತಿಂದ ಒಂದು ಅಭ್ಯಾಸ ಮಾಡಿಕೊಂಡೆ. ಒಬ್ಬ ಕಲಾವಿದ ಕುರ್ಚಿಯಿಂದ ಎದ್ದ ತಕ್ಷಣ ಅವರ ಟ್ರ್ಯಾಕಿನ ದೀಪ ಆರಿಸೋದು. ಅವರಿಗೆ ನೀರು ಕೊಡೋದು ಆಮೇಲೆ.

ಪಂಚ್-ಇನ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಹಳೇ ಅನಲಾಗ್ ಟೇಪಿನಲ್ಲಿ ಪಂಚ್ ಮಾಡಿದ ಜಾಗದಲ್ಲಿ ಟಕ್ ಅನ್ನೋ ಸದ್ದು ಬರುವ ಭಯ ಇತ್ತು. ಎಡ್ಯಾಟ್ ಹಳೆಯದನ್ನೂ ಹೊಸದನ್ನೂ ಸೆಕೆಂಡಿನ ನೂರರಲ್ಲೊಂದು ಭಾಗದಷ್ಟು ಹೊತ್ತು ಬೆಸೆಯುತ್ತೆ. ಹಾಗಾಗಿ ಬೆಸುಗೆ ಕೇಳಿಸಲ್ಲ, ಜಾಗ ಸರಿಯಾಗಿ ಆರಿಸಿದರೆ. ಎಳೆದು ಹಾಡೋ ಸ್ವರದ ಮಧ್ಯೆ ಮಾಡಬೇಡಿ. ಉಸಿರಿನಲ್ಲಿ ಮಾಡಿ. ಇಲ್ಲ ತಬಲದ ಪೆಟ್ಟಿನ ಮೇಲೆ ಮಾಡಿ, ಆ ಪೆಟ್ಟು ಎಲ್ಲವನ್ನೂ ಮುಚ್ಚಿಹಾಕುತ್ತೆ. ಕೈ ನಡುಗುತ್ತೆ ಅನ್ನೋರಿಗೆ ಯಂತ್ರದಲ್ಲೇ ಉಪಾಯ ಇದೆ. ಸಾಲು ಶುರುವಾಗೋ ಜಾಗ, ಮುಗಿಯೋ ಜಾಗ ಎರಡನ್ನೂ ಮೊದಲೇ ಯಂತ್ರಕ್ಕೆ ಗುರುತು ಮಾಡಿಕೊಡಿ. ಆಟೊ ರೆಕಾರ್ಡ್ ಹಾಕಿ. ಜೊತೆಗೆ ರಿಹರ್ಸ್ ಒತ್ತಿದರೆ ಯಂತ್ರ ಪಂಚ್ ಮಾಡಿದ ಹಾಗೆ ನಟಿಸುತ್ತೆ. ಕಿವಿಗೆ ಎಲ್ಲ ನಿಜವಾಗಿ ಆದ ಹಾಗೇ ಕೇಳಿಸುತ್ತೆ, ಟೇಪಿನ ಮೇಲೆ ಏನೂ ಬರೆಯಲ್ಲ. ಆ ಒಂದು ರಿಹರ್ಸ್ ನಾನು ಅವತ್ತು ಮಾಡಿದ್ದಿದ್ದರೆ ಕೊಳಲು ಮಾಯವಾಗೋದು ಮೊದಲೇ ಕೇಳಿಸುತ್ತಿತ್ತು. ಎಷ್ಟು ಪಳಗಿದ ಕೈ ಆದರೂ ಒಂದು ಸಲ ರಿಹರ್ಸ್ ಮಾಡಿ ಅಂತಲೇ ನಾನು ಹೇಳೋದು.

ದನಿಯ ಮಟ್ಟ ತೋರಿಸೋ ಮೀಟರಿನ ವಿಷಯ ಸಣ್ಣದು. ಅನಲಾಗಿನಲ್ಲಿ ಮುಳ್ಳು ಸ್ವಲ್ಪ ಕೆಂಪಿಗೆ ಹೋದರೆ ಚೆಂದವೇ. ಇಲ್ಲಿ ಮೇಲಿನ ಸೊನ್ನೆ ಅಂದರೆ ಛಾವಣಿ. ತಬಲದ ಒಂದು ಜೋರು ಪೆಟ್ಟು ಅಲ್ಲಿಗೆ ತಾಗಿದರೆ ದನಿ ಒಡೆಯುತ್ತೆ. ಸಾಮಾನ್ಯ ಮಟ್ಟ ಮೈನಸ್ 15 ಡೆಸಿಬೆಲ್‌ನ ಆಸುಪಾಸು ಇಟ್ಟುಕೊಂಡರೆ ಸಾಕು.

ಟೇಪು ಫಾರ್ಮ್ಯಾಟ್ ಮಾಡೋದು ಇನ್ನೊಂದು ಕೆಲಸ. ಹೊಸ ಟೇಪಿಗೆ ಮೊದಲು ಸಮಯದ ಗುರುತು ಬರೆಯಬೇಕು. ಫಾರ್ಮ್ಯಾಟ್ ಬಟನ್ ಒತ್ತಿ ರೆಕಾರ್ಡ್, ಪ್ಲೇ ಒತ್ತಿದರೆ ಕೌಂಟರಿನಲ್ಲಿ ಮೊದಲು ಲೀಡ್ ಅಂತ ಬರುತ್ತೆ, ಆಮೇಲೆ ಡೇಟಾ ಅಂತ, ಆಮೇಲೆ ಎಣಿಕೆ ಶುರು. 40 ನಿಮಿಷದ ಟೇಪಿಗೆ ಅಷ್ಟೇ ಹೊತ್ತು ಬೇಕು. ಹಾಡುತ್ತಾ ಹಾಡುತ್ತಾ ಫಾರ್ಮ್ಯಾಟ್ ಮಾಡಬಹುದು. ನಾನು ಒಪ್ಪಲ್ಲ. ಮಧ್ಯೆ ಗುರುತು ತುಂಡಾದರೆ ಆಮೇಲೆ ತಲೆನೋವು, ಅದರಲ್ಲೂ ಎರಡು ಎಡ್ಯಾಟ್ ಕೇಬಲ್ಲಿನಿಂದ ಜೋಡಿಸಿ ಹದಿನಾರು ಟ್ರ್ಯಾಕು ಓಡಿಸುವಾಗ. ನಾವು ಬೆಳಿಗ್ಗೆ ಬಾಗಿಲು ತೆಗೆದು, ಟೇಪನ್ನು ಫಾರ್ಮ್ಯಾಟಿಗೆ ಹಾಕಿ ಕಾಫಿಗೆ ಹೋಗುತ್ತಿದ್ದೆವು.

ಈಗ ರಟ್ಟಿನ ಡಬ್ಬದ ವಿಷಯಕ್ಕೆ ಬರ್ತೀನಿ. ಹನ್ನೆರಡು ಟೇಪಿನಲ್ಲಿ ಯಾವುದನ್ನೂ ನೇರವಾಗಿ ಯಂತ್ರಕ್ಕೆ ಹಾಕಲಿಲ್ಲ. ಮೊದಲು ಕ್ಯಾಸೆಟ್ಟಿನ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟು ನೋಡಿದೆ. ಎರಡರಲ್ಲಿ ಅಂಚಿಗೆ ಬಿಳಿ ಬೂಸ್ಟು ಹಿಡಿದಿತ್ತು. ಅವನ್ನು ಪಕ್ಕಕ್ಕಿಟ್ಟೆ. ಬೂಸ್ಟಿನ ಟೇಪು ಹಾಕಿದರೆ ಟೇಪನ್ನು ಓದೋ, ತಿರುಗೋ ಹೆಡ್ಡಿಗೆ ಅದು ಮೆತ್ತಿಕೊಂಡು ಮುಂದಿನ ಟೇಪನ್ನೂ ಹಾಳುಮಾಡುತ್ತೆ. ಉಳಿದ ಹತ್ತರಲ್ಲೂ ಬೆನ್ನಿನ ಮೇಲಿನ ಪ್ಲಾಸ್ಟಿಕ್ ಚೂರನ್ನು ಮುರಿದೆ. ಅದು ಇಲ್ಲದಿದ್ದರೆ ಯಂತ್ರ ಬರೆಯೋದಿಲ್ಲ. ನನ್ನ ಕೈ ತಪ್ಪಿದರೂ ಹಾಡು ಉಳಿಯುತ್ತೆ.

ಹಿಂದಿನ ಆಪ್ಟಿಕಲ್ ಕಿಂಡಿಯಿಂದ ಒಂದೇ ತೆಳು ಕೇಬಲ್ಲಿನಲ್ಲಿ ಎಂಟೂ ಟ್ರ್ಯಾಕು ಕಂಪ್ಯೂಟರಿಗೆ ಹೋಗುತ್ತವೆ. ಎಡ್ಯಾಟ್ ಹೋದರೂ ಆ ಕಿಂಡಿ ಮಾತ್ರ ಇವತ್ತಿನ ಆಡಿಯೊ ಇಂಟರ್‌ಫೇಸುಗಳಲ್ಲೂ (ದನಿಯನ್ನು ಕಂಪ್ಯೂಟರಿಗೆ ಸೇರಿಸೋ ಪೆಟ್ಟಿಗೆಗಳಲ್ಲೂ) ಉಳಿದುಕೊಂಡಿದೆ. ದನಿಯ ಅಂಕಿಗಳ ವೇಗ ನಿಗದಿ ಮಾಡೋ ಗಡಿಯಾರ ಎಡ್ಯಾಟಿನದು, ಕಂಪ್ಯೂಟರ್ ಅದನ್ನು ಹಿಂಬಾಲಿಸಬೇಕು. ಟೇಪು ಓಡುವಾಗ ನನ್ನ ಕಣ್ಣು ಒಂದೇ ಜಾಗದಲ್ಲಿ ಇರುತ್ತೆ. ಡಿಸ್‌ಪ್ಲೇಯ ಬಲಗಡೆ ಕೆಳಮೂಲೆಯಲ್ಲಿ ಒಂದು ಚುಕ್ಕೆ ಇದೆ. ಟೇಪಿನಿಂದ ಓದಲಾಗದ ಜಾಗವನ್ನು ಯಂತ್ರ ಅಂದಾಜಿನಿಂದ ತುಂಬಿದಾಗ ಅದು ಮಿನುಗುತ್ತೆ. ಒಮ್ಮೊಮ್ಮೆ ಮಿನುಗಿದರೆ ಪರವಾಗಿಲ್ಲ. ಬಿಡದೆ ಮಿನುಗಿದರೆ ನಿಲ್ಲಿಸಿ, ಹೆಡ್ ಸ್ವಚ್ಛ ಮಾಡಿ, ಮತ್ತೆ ಮೊದಲಿಂದ.

ಐದನೇ ಟೇಪು ಹಾಕಿದಾಗ ಚುಕ್ಕೆ ಮಿನುಗಲಿಲ್ಲ, ಮೀಟರ್ ಸರಿ ಇತ್ತು. ಆದರೂ ಏನೋ ಸರಿ ಇಲ್ಲ ಅನ್ನಿಸಿತು. ಅಮ್ಮನ ದನಿ ಹುಡುಗಿಯ ದನಿಯ ಹಾಗೆ ತೆಳುವಾಗಿತ್ತು. ಹಾಡು ಅವಸರದಲ್ಲಿ ಓಡುತ್ತಿತ್ತು. ಹಾರ್ಮೋನಿಯಂ ತೆಗೆದು ಶ್ರುತಿ ಹುಡುಕಿದೆ. ಅವರು ಯಾವಾಗಲೂ ಹಾಡುತ್ತಿದ್ದುದು ಕಪ್ಪು ಒಂದರಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯಲ್ಲಿ. ಇಲ್ಲಿ ಷಡ್ಜ ಬಿಳಿ ಎರಡಕ್ಕೂ ಕೂರುತ್ತಿಲ್ಲ, ಕಪ್ಪು ಎರಡಕ್ಕೂ ಕೂರುತ್ತಿಲ್ಲ. ಎರಡರ ಮಧ್ಯೆ ನಿಂತಿದೆ.

ಆಗ ಹೊಳೆಯಿತು. ಇದು ಬೇರೆ ಕಡೆ ರೆಕಾರ್ಡ್ ಆದ ಟೇಪು. ಸಿಡಿಗೆ ಬೇಕಾದದ್ದು 44.1 ಕಿಲೋಹರ್ಟ್ಸ್. ಮೊದಲ ಎಡ್ಯಾಟಿನಲ್ಲಿ ಅದಕ್ಕೆ ಬೇರೆ ಬಟನ್ ಇಲ್ಲ. ವೇಗ, ಶ್ರುತಿ ಎರಡನ್ನೂ ಬದಲಿಸೋ ಪಿಚ್ ಬಟನ್ನಿನಿಂದ ಮೈನಸ್ 147 ಸೆಂಟ್ಸ್‌ಗೆ (ಹಾರ್ಮೋನಿಯಂನ ಒಂದು ಮನೆಗೆ ನೂರು ಸೆಂಟ್ಸ್) ಇಳಿಸಿ ರೆಕಾರ್ಡ್ ಮಾಡಿದರೆ 48 ಹೋಗಿ 44.1 ಆಗುತ್ತೆ. ಹಾಗೇ ಮಾಡಿದ್ದಾರೆ, ತಪ್ಪಲ್ಲ. ಆದರೆ ಡಬ್ಬದ ಚೀಟಿಯಲ್ಲಿ ಬರೆದಿಲ್ಲ. ನಾನು ಪಿಚ್ ಸೊನ್ನೆಯಲ್ಲಿಟ್ಟು ಓಡಿಸುತ್ತಿದ್ದೆ. ಹಾಗಾಗಿ ಶ್ರುತಿ ಸುಮಾರು ಒಂದೂವರೆ ಮನೆ ಮೇಲೆ ಹೋಗಿತ್ತು.

ಪಿಚ್ ಇಳಿಸೋ ಬಟನ್ ಒತ್ತಿ ಹಿಡಿದೆ. ಹಾಡು ಓಡುತ್ತಲೇ ಇತ್ತು. ಡಿಸ್‌ಪ್ಲೇಯಲ್ಲಿ ಅಂಕಿ ಇಳಿಯುತ್ತಾ ಹೋಯಿತು. ಮೈನಸ್ 40, ಮೈನಸ್ 90. ದನಿ ನಿಧಾನಕ್ಕೆ ದಪ್ಪ ಆಗುತ್ತಾ ಬಂತು. ಹಾರ್ಮೋನಿಯಂನ ಕಪ್ಪು ಒಂದನ್ನು ಎಡಗೈಯಲ್ಲಿ ಒತ್ತಿಕೊಂಡೇ ಇದ್ದೆ. 140ರ ಹತ್ತಿರ ಎರಡು ದನಿಯ ಮಧ್ಯೆ ಅಲೆ ಅಲೆಯಾಗಿ ಬರುತ್ತಿದ್ದ ನಡುಕ ಕಮ್ಮಿಯಾಯಿತು. ಮೈನಸ್ 147ಕ್ಕೆ ಪೂರ್ತಿ ನಿಂತಿತು. ತಬಲವೂ ಸರಿಯಾಗಿ ಕೂತಿತು. ರಿವೈಂಡ್ ಮಾಡಿ, ಕಂಪ್ಯೂಟರನ್ನು 44.1ಕ್ಕೆ ಬದಲಿಸಿ, ಮೊದಲಿಂದ ತಗೊಂಡೆ.

ಆ ಫೈಲನ್ನು ಅವರ ಮಗನಿಗೆ ಕಳಿಸಿದ ರಾತ್ರಿ ಅಮ್ಮನೇ ಫೋನ್ ಮಾಡಿದರು. ಹಾಡಿನ ಬಗ್ಗೆ ಮಾತಾಡಲಿಲ್ಲ. "ಆ ಎರಡನೇ ಚರಣದಲ್ಲಿ ತಬಲ ಸ್ವಲ್ಪ ಜಾಸ್ತಿ ಇದೆ ಕಣಪ್ಪ, ಕಮ್ಮಿ ಮಾಡೋಕೆ ಆಗುತ್ತಾ?" ಅಂದರು. ತಬಲ ಟ್ರ್ಯಾಕ್ 1ರಲ್ಲಿ ಬೇರೆಯಾಗೇ ಇದೆ. ಆಗುತ್ತೆ ಅಂದೆ.