'ಟೂ' ಅಂದರೆ ಬಾಲ ಕೇಳಿ: ಧಾರವಾಡದ ಸ್ಪೋಕನ್ ಇಂಗ್ಲಿಷ್ ಬ್ಯಾಚಿನ ನನ್ನ ಅನುಭವ

'ಟೂ', 'ವೆರಿ', 'ಇನಫ್' ಪದಗಳನ್ನು ಆಟದಂತೆ ಕಲಿಸುವುದನ್ನು ಕಂಡು "ಇದೇನ್ ಆಟ ಹಚ್ಚೀರಿ ಸರ್" ಎಂದ ಶಿಕ್ಷಕರೇ ಈಗ ತಮ್ಮ ಬ್ಯಾಚಿನಲ್ಲೂ ಇದನ್ನೇ ನಡೆಸಿದ್ದಾರೆ. ಹಾಗಾಗಿ ಬರೆದಿಡುತ್ತೇನೆ.

ಮೊದಲು ದುಡ್ಡು ತಿಂದದ್ದು ಯಾವ ಪದ ಎಷ್ಟು ಜೋರು ಎಂದು ತೋರಿಸುವ ಶೇಕಡಾವಾರು ಚಾರ್ಟು. ಫ್ಲೆಕ್ಸಿಗೆ ಸುಮಾರು 800 ರೂಪಾಯಿ. ಕೆಳಗೆ 'ಎ ಲಿಟಲ್', ಮೇಲೆ 'ವೆರಿ', ತುದಿಗೆ 'ಟೂ'. 'ವೆರಿ'ಗಿಂತ ಜೋರು ಬೇಕಾದರೆ 'ಟೂ' ಎಂದು ಹುಡುಗರು ತಿಳಿದರು. ಮರುದಿನದಿಂದಲೇ 'ಫೇಡಾ ಈಸ್ ಟೂ ಟೇಸ್ಟಿ'. 'ಟೂ' ಮೇಲಿನ ಮೆಟ್ಟಿಲಲ್ಲ, ಮಿತಿ ಮೀರಿತು ಎಂಬ ದೂರು.

ಚಾರ್ಟ್ ಸುತ್ತಿಟ್ಟು ಬಾಲ, ಅಂದರೆ 'ಟೂ' ಮಾತಿನ ಕೊನೆಗೆ ಬರುವ 'ಟು' ತುಂಡು, ಕೇಳಲು ಶುರು ಮಾಡಿದೆ. ಯಾರೇ 'ಟೂ' ಅಂದರೂ ತಕ್ಷಣ "ಟು ಏನು?". 'ಟೀ ಈಸ್ ಟೂ ಹಾಟ್' ಅಂದವನು 'ಟು ಡ್ರಿಂಕ್' ಎನ್ನುತ್ತಾನೆ, ಪಾಸ್. ಫೇಡಾದವನಿಗೆ ಬಾಲ ಸಿಗುವುದಿಲ್ಲ, 'ವೆರಿ' ಹಾಕಿ ಮುಂದೆ ಹೋಗುತ್ತಾನೆ. ಬಾಲವನ್ನು ಪ್ರತಿ ಸಲ ಬಾಯಲ್ಲಿ ಹೇಳಬೇಕಿಲ್ಲ, ಕೇಳಿದರೆ ಸಿಗಬೇಕು, ಅಷ್ಟೇ. ವಿವರಣೆ ಕೊಡಬೇಡಿ. ಕೊಟ್ಟರೆ ನೋಟ್‌ಬುಕ್ ತೆರೆಯುತ್ತಾರೆ, ಬಾಯಿ ಮುಚ್ಚುತ್ತಾರೆ.

'ಇನಫ್'ನದು ಜಾಗದ ತಂಟೆ. ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನು ಕತ್ತರಿಸಿದರೆ ಚೀಟಿ ಪುಕ್ಕಟೆ. ಒಬ್ಬ 'ಟಾಲ್' ಹಿಡಿದು ಓದುವವರ ಎಡಕ್ಕೆ, ಇನ್ನೊಬ್ಬ 'ಮನಿ' ಹಿಡಿದು ಬಲಕ್ಕೆ, 'ಇನಫ್' ಹಿಡಿದವ ನಡುವೆ. ಎಡಗಡೆ ಓದಿದರೆ 'ಟಾಲ್ ಇನಫ್', ಬಲಗಡೆ 'ಇನಫ್ ಮನಿ'. ಗುಣವಾಚಕದ ನಂತರ, ನಾಮಪದದ ಮೊದಲು. ಹದಿನೈದು ನಿಮಿಷದ ಕೆಲಸ. ಇದಕ್ಕಿಂತ ಸಲೀಸು ದಾರಿ ಯಾರೂ ತೋರಿಸಿಲ್ಲ ನನಗೆ.

ನಡುವೆ ಒಂದು ಪ್ರಯೋಗ. ಬ್ಯಾಡಗಿ, ಗುಂಟೂರು ಮೆಣಸಿನಕಾಯಿ ಮೇಜಿನ ಮೇಲಿಟ್ಟು ಹೋಲಿಸಲು ಹೇಳಿ, 'ವೆರಿ ಹಾಟರ್' ಬಂದೇ ಬರುತ್ತದೆ. 'ಹಾಟರ್'ಗೆ 'ವೆರಿ' ಕೂಡದು, 'ಮಚ್ ಹಾಟರ್' ಅಥವಾ 'ಫಾರ್ ಹಾಟರ್'. ಬ್ಯಾಡಗಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹಾವೇರಿ ಕಡೆಯವರಿಗೆ ಹೇಳಬೇಕೇ? 'ರೆಡ್ ಇನಫ್, ನಾಟ್ ಹಾಟ್ ಇನಫ್' ಅವರೇ ಕಟ್ಟಿದ್ದು.

'ಐ ವೆರಿ ಲೈಕ್ ಗಿರ್ಮಿಟ್' ಭಾಳ ಹಟಮಾರಿ. 'ವೆರಿ' ಒಂಟಿಯಾಗಿ ಕ್ರಿಯಾಪದಕ್ಕೆ ಅಂಟದು. 'ಐ ಲೈಕ್ ಗಿರ್ಮಿಟ್ ವೆರಿ ಮಚ್', 'ವೆರಿ ಮಚ್' ಸಾಮಾನ್ಯವಾಗಿ ಗಿರ್ಮಿಟ್ ಆದ ಮೇಲೆ. 'ಕ್ವೈಟ್' ಮೊದಲ ತಿಂಗಳು ಮುಟ್ಟುವುದೇ ಇಲ್ಲ. ಬ್ರಿಟಿಷರ 'ಕ್ವೈಟ್ ಗುಡ್' ಅಂದರೆ ಪರವಾಗಿಲ್ಲ ಅನ್ನುವಷ್ಟು, 'ಕ್ವೈಟ್ ಇಂಪಾಸಿಬಲ್' ಅಂದರೆ ಸಾಧ್ಯವೇ ಇಲ್ಲ. ಎರಡನ್ನೂ ಒಂದೇ ವಾರ ತಂದರೆ ಕಲಿತದ್ದೂ ಕಲಸುತ್ತದೆ.

ಚೀಟಿಗಳನ್ನು ಯಾವ ಕ್ರಮದಲ್ಲಿ ತೆಗೆಯಬೇಕು ಎಂಬುದನ್ನು ಬರೆಯುವುದಿಲ್ಲ, ಬ್ಯಾಚಿನ ಫೀ ಅದರ ಮೇಲೇ ನಿಂತಿದೆ. ಸುಮಾರು ಮೂವತ್ತು ಮಂದಿಯ ಬ್ಯಾಚಿನಲ್ಲಿ ತಿಂಗಳಾದರೂ 'ಟೂ ಮಚ್ ಗುಡ್' ಅನ್ನುವವರು ನಾಲ್ಕೈದು ಮಂದಿ ಉಳಿಯುತ್ತಾರೆ. ಅವರಿಗೆ ಸಕ್ಕರೆ ಡಬ್ಬಿ ತೋರಿಸಿ: 'ಟೂ ಮಚ್ ಶುಗರ್' ಸರಿ, ಎಣಿಸಲು ಬಂದರೆ 'ಟೂ ಮೆನಿ ಸ್ಪೂನ್ಸ್', ಗುಣವಾಚಕದ ಮೊದಲು ಬರೀ 'ಟೂ'.